ಎಪ್ಪತ್ತು ದಾಟಿದ ಮೇಲೆ ಒಲಿದ ಕ್ಯಾಮೆರಾ

ಹಿಚ್‌ಕಾಕ್‌ನ ‘ದಿ 39 ಸ್ಟೆಪ್ಸ್’ ಚಿತ್ರದ ನಡುವೆ ಸ್ಕಾಟ್ಲೆಂಡಿನ ಬೋಳು ಬಯಲಿನಲ್ಲಿ ಒಂದು ಒಂಟಿ ಮನೆ ಬರುತ್ತದೆ. ಮಾಡದ ಕೊಲೆ ತಲೆಗೆ ಬಂದು ಲಂಡನ್ನಿನಿಂದ ಓಡಿಬಂದ ಹ್ಯಾನೆ ಅಲ್ಲಿ ರಾತ್ರಿ ಕಳೆಯಲು ಜಾಗ ಕೇಳುತ್ತಾನೆ. ಮನೆ ಯಜಮಾನ ದೇವರನ್ನೂ ದುಡ್ಡನ್ನೂ ಒಂದೇ ಮುಷ್ಟಿಯಲ್ಲಿ ಬಿಗಿಹಿಡಿದ ಆಸಾಮಿ. ಒಳಗಿರುವ ಹೆಣ್ಣು ಅವನ ಮಗಳಿರಬೇಕು ಅಂದುಕೊಳ್ಳುತ್ತಾನೆ ಹ್ಯಾನೆ. ಅಲ್ಲ, ಹೆಂಡತಿ. ಗ್ಲಾಸ್ಗೋ ಪಟ್ಟಣದಿಂದ ಈ ಕಲ್ಲುಮಣ್ಣಿನ ನಡುವೆ ಬಂದು ಬಿದ್ದವಳು. ಗಂಡ ಆಚೆ ಹೋದ ಐದು ನಿಮಿಷದಲ್ಲಿ ಲಂಡನ್ನಿನ ಹೆಂಗಸರು ಕಾಲುಗುರಿಗೂ ಬಣ್ಣ ಹಚ್ಚುತ್ತಾರಂತೆ, ನಿಜವೇ ಎಂದು ಕೇಳುತ್ತಾಳೆ.

ಊಟಕ್ಕೆ ಕೂರುತ್ತಾರೆ. ಗಂಡ ಪ್ರಾರ್ಥನೆ ಶುರುಮಾಡುತ್ತಾನೆ. ಮೇಜಿನ ಮೇಲಿರುವ ಪತ್ರಿಕೆಯಲ್ಲಿ ಕೊಲೆಯ ಸುದ್ದಿ. ಹ್ಯಾನೆಯ ಕಣ್ಣು ಅದರ ಮೇಲಿರುವುದನ್ನು ಅವಳು ನೋಡುತ್ತಾಳೆ, ತಾನೂ ಓದುತ್ತಾಳೆ, ತಲೆ ಎತ್ತುತ್ತಾಳೆ. ನಾನಲ್ಲ ಎಂದು ಅವನ ಕಣ್ಣು ಹೇಳುತ್ತದೆ. ನಂಬಿದೆ ಎಂದು ಇವಳ ಕಣ್ಣು ಹೇಳುತ್ತದೆ. ಕಣ್ಣುಮುಚ್ಚಿ ಪ್ರಾರ್ಥಿಸಬೇಕಾದ ಗಂಡ ಅರೆಗಣ್ಣಿನಲ್ಲಿ ಇದನ್ನೆಲ್ಲ ನೋಡಿ ಬೇರೆಯದೇ ಅರ್ಥ ಮಾಡಿಕೊಳ್ಳುತ್ತಾನೆ. ಆ ರಾತ್ರಿ ಪೊಲೀಸರ ಕಾರಿನ ದೀಪ ಕಂಡಾಗ ಅವಳೇ ಹ್ಯಾನೆಯನ್ನು ಎಬ್ಬಿಸಿ, ಗಂಡನ ಒಳ್ಳೆಯ ಕೋಟನ್ನು ಹೊದಿಸಿ ಹೊರಗೆ ಕಳಿಸುತ್ತಾಳೆ. ಮುಂದೆ ಆ ಕೋಟಿನ ಜೇಬಿನಲ್ಲಿದ್ದ ಸ್ತೋತ್ರಪುಸ್ತಕ ಗುಂಡನ್ನು ತಡೆದು ಅವನ ಜೀವ ಉಳಿಸುತ್ತದೆ. ಅವಳ ಪಾಲಿಗೆ ಬರುವುದು ಗಂಡನ ಏಟು. ಕತೆ ಅವಳನ್ನು ಅಲ್ಲೇ ಬಿಟ್ಟು ಮುಂದಕ್ಕೆ ಓಡಿಹೋಗುತ್ತದೆ.

ಜಾನ್ ಬುಕನ್‌ನ ಮೂಲ ಕಾದಂಬರಿಯಲ್ಲಿ ಈ ಪ್ರಸಂಗವೇ ಇಲ್ಲ, ಅದು ಹಿಚ್‌ಕಾಕ್ ಕಡೆಯವರು ಸೇರಿಸಿದ್ದು. ಚಿತ್ರದ ನಾಯಕಿ ಮೆಡಲಿನ್ ಕ್ಯಾರಲ್ ಅದರ ಬಲದ ಮೇಲೆ ಹಾಲಿವುಡ್ಡಿಗೆ ಹೋದಳು. ರೈತನ ಹೆಂಡತಿಯ ಪಾತ್ರ ಮಾಡಿದ 27 ವರ್ಷದ ಪೆಗ್ಗಿ ಆಶ್‌ಕ್ರಾಫ್ಟ್ ಲಂಡನ್ನಿನ ರಂಗಭೂಮಿಗೆ ಮರಳಿದರು. ಕ್ಯಾಮೆರಾಕ್ಕೆ ಏನು ಬೇಕು ಎಂಬುದು ಆ ಹುಡುಗಿಗೆ ಆಗಲೇ ಗೊತ್ತಿತ್ತು ಎಂದು ಈ ಕೆಲವು ನಿಮಿಷ ನೋಡಿದ ಯಾರಿಗಾದರೂ ತಿಳಿಯುತ್ತದೆ. ಆದರೂ ಅವರಿಗೂ ಕ್ಯಾಮೆರಾಕ್ಕೂ ಪೂರ್ತಿ ಹೊಂದಿಕೆಯಾಗಲು ಇನ್ನೂ ಐವತ್ತು ವರ್ಷ ಬೇಕಾಯಿತು.

ಪೆಗ್ಗಿ ಹುಟ್ಟಿದ್ದು 1907ರ ಡಿಸೆಂಬರ್ 22ರಂದು, ಲಂಡನ್ನಿನ ತೆಂಕಣ ಸೆರಗಿನ ಕ್ರಾಯ್ಡನ್‌ನಲ್ಲಿ. ತಂದೆ ಮೊದಲ ಮಹಾಯುದ್ಧದಲ್ಲಿ ತೀರಿಹೋದರು. ತಾಯಿಗೆ ನಾಟಕದ ಹುಚ್ಚಿತ್ತು, ಎಲ್ಸೀ ಫೊಗರ್ಟಿ ಎಂಬ ಹೆಸರಾಂತ ಶಿಕ್ಷಕಿಯ ಬಳಿ ಮಾತುಗಾರಿಕೆ ಕಲಿತಿದ್ದರು. ಮಗಳೂ ಅದೇ ಫೊಗರ್ಟಿಯ ಶಾಲೆ ಸೇರಿದಳು. ಆಲ್ಬರ್ಟ್ ಹಾಲ್ ಕಟ್ಟಡದಲ್ಲಿ ನಡೆಯುತ್ತಿದ್ದ ಆ ಶಾಲೆಯಲ್ಲಿ ಸಹಪಾಠಿಯಾಗಿದ್ದವನು ಲಾರೆನ್ಸ್ ಒಲಿವಿಯೆ. ‘ಮರ್ಚೆಂಟ್ ಆಫ್ ವೆನಿಸ್’ನ ಒಂದು ದೃಶ್ಯಕ್ಕೆ ಇಬ್ಬರೂ ಬಹುಮಾನ ಹಂಚಿಕೊಂಡರು. ಶಾಲೆಯಲ್ಲಿ ಒತ್ತು ಇದ್ದದ್ದು ಇಂಪಾದ ಉಚ್ಚಾರಕ್ಕೆ. ನಟನೆಯ ಒಳಗುಟ್ಟು ಪೆಗ್ಗಿಗೆ ಹೊಳೆದದ್ದು ಸ್ತಾನಿಸ್ಲಾವ್‌ಸ್ಕಿಯ ಆತ್ಮಕತೆ ಓದಿದ ಮೇಲೆ. 1926ರಲ್ಲಿ ಬರ್ಮಿಂಗ್‌ಹ್ಯಾಮ್ ರೆಪರ್ಟರಿಯಲ್ಲಿ ರಾಲ್ಫ್ ರಿಚರ್ಡ್‌ಸನ್ ಜೊತೆ ಮೊದಲ ವೃತ್ತಿ ನಾಟಕ. ಅದೇ ವರ್ಷ ತಾಯಿಯೂ ಹೋದರು.

1930ರ ಮೇ ತಿಂಗಳು ಅವರ ಬದುಕನ್ನು ಬೇರೆ ದಾರಿಗೆ ಹಚ್ಚಿತು. ಸವಾಯ್ ಥಿಯೇಟರಿನಲ್ಲಿ ‘ಒಥೆಲೊ’. ಒಥೆಲೊ ಆಗಿ ಅಮೆರಿಕದ ಕಪ್ಪು ಗಾಯಕ, ನಟ ಪಾಲ್ ರೋಬ್ಸನ್, ಡೆಸ್ಡಿಮೋನಳಾಗಿ 22ರ ಪೆಗ್ಗಿ, ಎಮಿಲಿಯಾ ಆಗಿ ಸಿಬಿಲ್ ಥಾರ್ನ್‌ಡೈಕ್. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಒಥೆಲೊ ಆಡುವುದೇ ಅಲ್ಲಿ ವಾಡಿಕೆಯಾಗಿದ್ದ ಕಾಲ ಅದು. ಕಪ್ಪು ಮನುಷ್ಯ ರಂಗದ ಮೇಲೆ ಮುತ್ತಿಟ್ಟರೆ ನಿಮಗೆ ಏನೂ ಅನ್ನಿಸುವುದಿಲ್ಲವೇ ಎಂದು ಪತ್ರಕರ್ತರು ಪೆಗ್ಗಿಯನ್ನು ಕೇಳಿದರು. ನಾಟಕ ಶುರುವಾದ ಮೇಲೆ ದ್ವೇಷದ ಪತ್ರಗಳು ಬಂದವು. ಥಿಯೇಟರಿಗೆ ಅಂಟಿಕೊಂಡೇ ಸವಾಯ್ ಹೋಟೆಲು. ಹಿಂದಿನ ವರ್ಷವಷ್ಟೇ ಅದರ ಊಟದ ಮನೆ ರೋಬ್ಸನ್‌ಗೆ ಬಾಗಿಲು ತೋರಿಸಿ ಲಂಡನ್ ಪತ್ರಿಕೆಗಳಲ್ಲಿ ಗದ್ದಲವಾಗಿತ್ತು. ಒಂದು ಗೋಡೆಯ ಈಚೆ ಚಪ್ಪಾಳೆ, ಆಚೆ ಈ ಉಪಚಾರ. ರೋಬ್ಸನ್ ಮತ್ತು ಪೆಗ್ಗಿ ನಡುವೆ ಪ್ರೀತಿಯೂ ಹುಟ್ಟಿತು, ಇಬ್ಬರಿಗೂ ಮದುವೆಯಾಗಿತ್ತು, ಅದು ಬಹುಕಾಲ ಬಾಳಲಿಲ್ಲ. ಬಾಳಿದ್ದು ರಾಜಕೀಯದ ಅರಿವು. ಸಾಮ್ರಾಜ್ಯದ ಬಣ್ಣಭೇದ ಬೇರೆಲ್ಲೋ ನಡೆಯುವ ಸಂಗತಿಯಲ್ಲ, ತನ್ನ ಊರಿನ ಹೋಟೆಲಿನದೇ ಸಂಗತಿ ಎಂದು ಪೆಗ್ಗಿ ಕಂಡುಕೊಂಡದ್ದು ಆಗ. ಕೊನೆಯವರೆಗೂ ಎಡಪಂಥದ ಕಡೆಗೇ ವಾಲಿದ್ದರು.

ಮುಂದಿನ ಹತ್ತು ವರ್ಷದ ರಂಗಚರಿತ್ರೆಯನ್ನು ವಿವರಿಸಲು ಹೋದರೆ ಪುಟ ಸಾಲದು. 1935ರ ಅಕ್ಟೋಬರಿನಲ್ಲಿ ನ್ಯೂ ಥಿಯೇಟರಿನಲ್ಲಿ ಆರಂಭವಾದ ‘ರೋಮಿಯೊ ಅಂಡ್ ಜೂಲಿಯೆಟ್’ ಒಂದನ್ನು ಹೇಳಿದರೆ ಸಾಕು. ಜಾನ್ ಗಿಲ್‌ಗುಡ್ ಮತ್ತು ಒಲಿವಿಯೆ ರೋಮಿಯೊ, ಮರ್ಕ್ಯೂಶಿಯೊ ಪಾತ್ರಗಳನ್ನು ಅದಲುಬದಲು ಮಾಡಿಕೊಂಡು ಆಡಿದರು. ಪದ್ಯವನ್ನು ಹಾಡಿನಂತೆ ನುಡಿಯಬೇಕೋ ಮಾತಿನಂತೆ ಆಡಬೇಕೋ ಎಂದು ಇಬ್ಬರ ನಡುವೆ ಜಿದ್ದು. ಇಬ್ಬರಿಗೂ ಒಬ್ಬಳೇ ಜೂಲಿಯೆಟ್, ಪೆಗ್ಗಿ. ವಿಮರ್ಶಕರು ಗಂಡಸರ ಜಗಳದ ಬಗ್ಗೆ ಬರೆದದ್ದೇ ಹೆಚ್ಚು. ಬೇರೆ ಬೇರೆ ಧಾಟಿಯ ಇಬ್ಬರು ರೋಮಿಯೊಗಳಿಗೆ ಕಿವಿಗೊಟ್ಟು ಇಬ್ಬರಿಗೂ ಹೊಂದುವಂತೆ ಉತ್ತರ ಕೊಡುವುದು ಎಂಥ ಕೆಲಸ ಎಂದು ಯೋಚಿಸಿದವರು ಕಡಿಮೆ. ನನಗೆ ಕಾಣುವಂತೆ ಪೆಗ್ಗಿಯ ಗುಟ್ಟೆಲ್ಲ ಇರುವುದೇ ಆ ಕಿವಿಗೊಡುವುದರಲ್ಲಿ. ಎದುರಿನವರು ಮಾತಾಡುತ್ತಿರುವಾಗ ಪೆಗ್ಗಿಯ ಮುಖದಲ್ಲಿ ಏನಾಗುತ್ತದೆ ನೋಡಬೇಕು. ರಂಗದ ಹಿಂಬದಿ ಸಾಲಿನವರಿಗೆ ಅದು ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ.

ಹಾಗಿದ್ದರೆ ಸಿನಿಮಾಕ್ಕೆ ಯಾಕೆ ಹೋಗಲಿಲ್ಲ? ಲಂಡನ್ನಿನ ನಟರಿಗೆ ಸ್ಟುಡಿಯೊ ದೂರವೇನೂ ಇರಲಿಲ್ಲ. ‘39 ಸ್ಟೆಪ್ಸ್’ನ ಸ್ಕಾಟ್ಲೆಂಡ್ ಬಹುಪಾಲು ತಯಾರಾದದ್ದೇ ಷೆಪರ್ಡ್ಸ್ ಬುಷ್‌ನ ಲೈಮ್ ಗ್ರೋವ್ ಸ್ಟುಡಿಯೊದಲ್ಲಿ. ಹಗಲು ಶೂಟಿಂಗ್, ರಾತ್ರಿ ನಾಟಕ, ಹೀಗೆ ಎರಡು ಕೈಲೂ ದುಡಿದವರು ಎಷ್ಟೋ ಮಂದಿ. ಆದರೆ ಅಂದಿನ ಬ್ರಿಟಿಷ್ ನಟವರ್ಗದ ಲೆಕ್ಕದಲ್ಲಿ ಸಿನಿಮಾ ಅಂದರೆ ಸಂಬಳ, ನಾಟಕ ಅಂದರೆ ಕೆಲಸ. ಪೆಗ್ಗಿಗೆ ಬೇಕಿದ್ದದ್ದು ಒಂದು ತಂಡ, ತಿಂಗಳುಗಟ್ಟಲೆ ತಾಲೀಮು, ಚೆಕಾಫ್, ಇಬ್ಸೆನ್. ಅವರ ಮೂವರು ಗಂಡಂದಿರಲ್ಲಿ ಒಬ್ಬ ರಷ್ಯಾ ಮೂಲದ ನಿರ್ದೇಶಕ ಕೊಮಿಸಾರ್ಜೆವ್‌ಸ್ಕಿ. ಉಳಿದ ಇಬ್ಬರಲ್ಲಿ ಪ್ರಕಾಶಕ ರೂಪರ್ಟ್ ಹಾರ್ಟ್-ಡೇವಿಸ್ ಮೊದಲನೆಯವರು, ವಕೀಲ ಜೆರೆಮಿ ಹಚಿನ್‌ಸನ್ ಕೊನೆಯವರು. ಮಕ್ಕಳಿಬ್ಬರೂ ಹಚಿನ್‌ಸನ್ ಜೊತೆಯ ದಾಂಪತ್ಯದವು.

ಟೆಲಿವಿಷನ್ ಮಾತ್ರ ಅವರನ್ನು ತಾನಾಗಿಯೇ ಹುಡುಕಿಕೊಂಡು ಬಂತು, ಅದೂ ಹುಟ್ಟಿದ ಹೊಸದರಲ್ಲಿ. 1939ರ ಜನವರಿಯಲ್ಲಿ ಬಿಬಿಸಿ ತನ್ನ ಕ್ಯಾಮೆರಾಗಳನ್ನು ಫೀನಿಕ್ಸ್ ಥಿಯೇಟರಿಗೆ ಸಾಗಿಸಿ ‘ಟ್ವೆಲ್ಫ್ತ್ ನೈಟ್’ ನಾಟಕವನ್ನು ನೇರ ಪ್ರಸಾರ ಮಾಡಿತು. ವಯೋಲಾ ಆಗಿ ಪೆಗ್ಗಿ. ಮರುತಿಂಗಳು ‘ಟೆಂಪೆಸ್ಟ್’ನ ಮಿರಾಂಡ. ಅಲೆಕ್ಸಾಂಡ್ರಾ ಪ್ಯಾಲೆಸ್ ಗುಡ್ಡದ ಗೋಪುರದಿಂದ ಹೊರಟ ಆ ಚಿತ್ರ ಲಂಡನ್ ಸುತ್ತಮುತ್ತಲ ಕೆಲವು ಸಾವಿರ ಮನೆಗಳಿಗೆ ಮುಟ್ಟಿತು, ಅಷ್ಟೇ. ದಾಖಲೆ ಮಾಡುವ ಯಂತ್ರವೇ ಇರಲಿಲ್ಲ. ಆಡಿದರು, ಗಾಳಿಯಲ್ಲಿ ಹೋಯಿತು. ಸೆಪ್ಟೆಂಬರ್ 1ಕ್ಕೆ ಯುದ್ಧದ ಕಾರಣಕ್ಕೆ ಟೆಲಿವಿಷನ್ನನ್ನೇ ಮುಚ್ಚಿದರು, ಮತ್ತೆ ತೆರೆದದ್ದು 1946ರಲ್ಲಿ.

ಯುದ್ಧದ ನಂತರ ‘ದಿ ಏರೆಸ್’, ‘ದಿ ಡೀಪ್ ಬ್ಲೂ ಸೀ’, ‘ಹೆಡ್ಡಾ ಗಾಬ್ಲರ್’. ಇಬ್ಸೆನ್‌ನ ಈ ನಾಟಕವನ್ನು ಇಬ್ಸೆನ್‌ನ ನಾಡಿಗೇ ಒಯ್ದು ಆಡಿ, ನಾರ್ವೆಯ ದೊರೆಯಿಂದ ಚಿನ್ನದ ಪದಕ ಪಡೆದರು. 1956ರಲ್ಲಿ ‘ಡೇಮ್’ ಪದವಿ. 1959ರಲ್ಲಿ ಆಡ್ರಿ ಹೆಪ್‌ಬರ್ನ್‌ಳ ‘ದಿ ನನ್ಸ್ ಸ್ಟೋರಿ’ಯಲ್ಲಿ ಮದರ್ ಮಟಿಲ್ಡ್ ಎಂಬ ಚಿಕ್ಕ ಪಾತ್ರ. 1960ರಲ್ಲಿ 29 ವರ್ಷದ ಪೀಟರ್ ಹಾಲ್ ಸ್ಟ್ರಾಟ್‌ಫರ್ಡ್‌ನಲ್ಲಿ ಕಾಯಂ ತಂಡವೊಂದನ್ನು ಕಟ್ಟಲು ಹೊರಟಾಗ ಪೆಗ್ಗಿ ಮರುಮಾತಾಡದೆ ಜೊತೆಗೂಡಿದರು. ಅದೇ ರಾಯಲ್ ಷೇಕ್ಸ್‌ಪಿಯರ್ ಕಂಪನಿ. ಅಲ್ಲಿ 1963ರಲ್ಲಿ ಬಂದ ‘ವಾರ್ಸ್ ಆಫ್ ದಿ ರೋಸಸ್’ ನಾಟಕಮಾಲೆಯಲ್ಲಿ ರಾಣಿ ಮಾರ್ಗರೆಟ್ ಆದಾಗ ಅವರಿಗೆ 55. ಮದುವೆಗೆ ಬಂದ ಫ್ರೆಂಚ್ ಹುಡುಗಿಯಾಗಿ ಕಾಲಿಟ್ಟು, ಸೇನೆ ನಡೆಸಿ, ಮಗನನ್ನು ಕಳೆದುಕೊಂಡು, ಶಾಪ ಹಾಕುತ್ತ ಅಲೆಯುವ ಮುದುಕಿಯಾಗುವವರೆಗೆ ಒಂದೇ ಉಸಿರಿನ ಪಾತ್ರ. ಬಿಬಿಸಿ ಸ್ಟ್ರಾಟ್‌ಫರ್ಡ್ ರಂಗದ ಮೇಲೇ ಅದನ್ನು ಚಿತ್ರೀಕರಿಸಿ 1965ರಲ್ಲಿ ತೋರಿಸಿತು. ಪ್ರತಿ ಈಗಲೂ ಇದೆ. ರಂಗದ ಪೆಗ್ಗಿ ಹೇಗಿದ್ದರು ಎಂಬ ಕುತೂಹಲ ಇರುವವರು ಮೊದಲು ನೋಡಬೇಕಾದದ್ದು ಅದನ್ನೇ.

ಪೆಗ್ಗಿಗೆ ಎಪ್ಪತ್ತಾಗುವ ಹೊತ್ತಿಗೆ ಗಾಳಿ ತಿರುಗಿತು. ಬ್ರಿಟಿಷ್ ಟೆಲಿವಿಷನ್ ಆಗ ಒಳ್ಳೆಯ ಬರಹಗಾರರ ಜಾಗವಾಗಿತ್ತು, ಮುದುಕಿಯರನ್ನು ನಡುವೆ ಇಟ್ಟು ಕತೆ ಬರೆಯುವ ಧೈರ್ಯ ಅವರಿಗಿತ್ತು. 1980ರಲ್ಲಿ ಸ್ಟೀಫನ್ ಪೊಲಿಯಾಕಾಫ್‌ನ ‘ಕಾಟ್ ಆನ್ ಎ ಟ್ರೇನ್’. ಯುರೋಪಿನ ರಾತ್ರಿ ರೈಲಿನಲ್ಲಿ ಕಿಟಕಿ ಪಕ್ಕದ ಸೀಟಿಗಾಗಿ ಇಂಗ್ಲಿಷ್ ಯುವಕನೊಬ್ಬನನ್ನು ಕಾಡಿಸುವ ವಿಯೆನ್ನಾದ ಮುದುಕಿ ಫ್ರೌ ಮೆಸ್ನರ್. ಗತ್ತಿನವಳು, ಸ್ವಾರ್ಥಿ, ಒಳಗೆ ದಿಗಿಲು ಬಿದ್ದವಳು. ಅದೇ ವರ್ಷ ಡೆನಿಸ್ ಪಾಟರ್‌ನ ‘ಕ್ರೀಮ್ ಇನ್ ಮೈ ಕಾಫಿ’. ಎರಡಕ್ಕೂ ಸೇರಿಸಿ ಬಾಫ್ಟಾ ಬಂತು.

ಇಂಡಿಯಾಕ್ಕೆ ಅವರು ಬಂದದ್ದು ಅದಕ್ಕೂ ಮೊದಲೇ. 1978ರಲ್ಲಿ ಮರ್ಚೆಂಟ್-ಐವರಿ ಜೋಡಿ ಲಂಡನ್ ಟೆಲಿವಿಷನ್ನಿಗೆ ಮಾಡಿಕೊಟ್ಟ ‘ಹಲ್ಲಬಲ್ಲೂ ಓವರ್ ಜಾರ್ಜಿ ಅಂಡ್ ಬಾನೀಸ್ ಪಿಕ್ಚರ್ಸ್’ ಜೋಧಪುರದಲ್ಲಿ ತಯಾರಾಯಿತು. ಮಹಾರಾಜನ ಚಿತ್ರಸಂಗ್ರಹದ ಮೇಲೆ ಕಣ್ಣಿಟ್ಟು ಬರುವ ಇಂಗ್ಲಿಷ್ ಹೆಂಗಸು ಪೆಗ್ಗಿ, ಮಹಾರಾಜ ವಿಕ್ಟರ್ ಬ್ಯಾನರ್ಜಿ. ಹಗುರ ಚಿತ್ರ. ಆದರೆ ಈ ಇಬ್ಬರೂ ಆರು ವರ್ಷದ ನಂತರ ಮಸೀದಿಯೊಂದರ ಅಂಗಳದಲ್ಲಿ ಎದುರಾಗಲಿದ್ದರು.

1984ರಲ್ಲಿ ಬ್ರಿಟನ್ನಿಗೆ ಇಂಡಿಯಾ ಜ್ವರ ಏರಿತ್ತು. ಅಟೆನ್‌ಬರೊ ‘ಗಾಂಧಿ’ಗೆ ಆಸ್ಕರ್ ಬಾಚಿ ತಂದಿದ್ದ, ‘ಹೀಟ್ ಅಂಡ್ ಡಸ್ಟ್’ ಬಂದಿತ್ತು, ‘ದಿ ಫಾರ್ ಪೆವಿಲಿಯನ್ಸ್’ ಟೀವಿಯಲ್ಲಿ ಓಡುತ್ತಿತ್ತು. ಫಾಕ್‌ಲ್ಯಾಂಡ್ ಯುದ್ಧ ಗೆದ್ದ ಥ್ಯಾಚರ್ ಸರ್ಕಾರದ ಕಾಲ. ಈ ಬಿಳಿ ಟೋಪಿ, ಪೋಲೊ, ಸಂಜೆಯ ಜಿನ್ ಎಲ್ಲ ಕಳೆದುಹೋದ ದೊರೆತನದ ಹಂಬಲ, ಅದಕ್ಕೂ ಆಗಿನ ರಾಜಕೀಯಕ್ಕೂ ನಂಟಿದೆ ಎಂದು ಸಲ್ಮಾನ್ ರಶ್ದಿ ಅದೇ ವರ್ಷ ಲೇಖನ ಬರೆದು ಎಲ್ಲರನ್ನೂ ಒಟ್ಟಿಗೆ ಝಾಡಿಸಿದ. ಒಟ್ಟಾರೆ ನೋಟಕ್ಕೆ ಅವನ ಮಾತು ಸರಿಯೇ. ಬಿಡಿಬಿಡಿಯಾಗಿ ನೋಡಿದಾಗ ಪೆಗ್ಗಿ ಮಾಡಿದ ಎರಡು ಪಾತ್ರಗಳು ಆ ಲೆಕ್ಕದಿಂದ ಜಾರಿಕೊಳ್ಳುತ್ತವೆ.

ಮೊದಲನೆಯದು ಬಾರ್ಬಿ ಬ್ಯಾಚೆಲರ್. ಪಾಲ್ ಸ್ಕಾಟ್‌ನ ‘ರಾಜ್ ಕ್ವಾರ್ಟೆಟ್’ ಕಾದಂಬರಿಗಳನ್ನು ಗ್ರನಾಡಾ ಟೆಲಿವಿಷನ್ ‘ದಿ ಜುವೆಲ್ ಇನ್ ದಿ ಕ್ರೌನ್’ ಎಂಬ 14 ಕಂತುಗಳ ಧಾರಾವಾಹಿ ಮಾಡಿತು. ಉದಯಪುರ, ಶಿಮ್ಲಾಗಳಲ್ಲಿ ತಿಂಗಳುಗಟ್ಟಲೆ ಶೂಟಿಂಗ್. ನಡುವೆ ಮ್ಯಾಂಚೆಸ್ಟರಿನಲ್ಲಿ ಬೆಂಕಿ ಬಿದ್ದು ಸೆಟ್ಟುಗಳು ಸುಟ್ಟುಹೋಗಿ ಮತ್ತೆ ಕಟ್ಟಬೇಕಾಯಿತು. ಪ್ರಸಾರ ಶುರುವಾದದ್ದು 1984ರ ಜನವರಿಯಲ್ಲಿ. ಬಾರ್ಬಿ ಮಿಷನ್ ಶಾಲೆಯ ನಿವೃತ್ತ ಟೀಚರು. ಗಂಡನಿಲ್ಲ, ಮನೆಯಿಲ್ಲ, ಮೇಲ್ವರ್ಗದ ಗತ್ತಿಲ್ಲ. ಗಿರಿಧಾಮದ ಮಿಲಿಟರಿ ಹೆಂಡಿರ ಕೂಟಕ್ಕೆ ಅವಳೊಂದು ನಗೆಪಾಟಲು. ಮಾತು ಶುರುಮಾಡಿದರೆ ನಿಲ್ಲಿಸಲಾರಳು, ಯಾಕೆಂದರೆ ನಿಲ್ಲಿಸಿದರೆ ಒಳಗಿನ ಪ್ರಶ್ನೆ ಕೇಳಿಸುತ್ತದೆ: ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಟ್ಟ ದೇವರು ಇದ್ದಾನೆಯೇ, ಇದ್ದರೆ ಕೇಳಿಸಿಕೊಳ್ಳುತ್ತಾನೆಯೇ? ಆಶ್ರಯ ಕೊಟ್ಟ ಗೆಳತಿ ಮೇಬಲ್ ಸತ್ತ ಮೇಲೆ ಮೇಬಲ್‌ಳ ಸೊಸೆ ಇವಳನ್ನು ಹೊರಹಾಕುತ್ತಾಳೆ. ಮಿಷನ್ ಕಾಲದ ಟ್ರಂಕು ಹೇರಿದ ಟಾಂಗಾ ಇಳಿಜಾರಿನಲ್ಲಿ ಉರುಳಿದ ಮೇಲೆ ಆ ವಾಚಾಳಿಯ ಮಾತು ನಿಂತುಹೋಗುತ್ತದೆ. ತೊಡೆಯ ಮೇಲೆ ಕೈಯಿಟ್ಟು ಕೂತ ಆ ಮುಖದಲ್ಲಿ ಪೆಗ್ಗಿ ಏನೂ ‘ಮಾಡುವುದಿಲ್ಲ’. ಕಂತುಗಟ್ಟಲೆ ಕೇಳಿ ಬೇಸತ್ತಿದ್ದ ದನಿ ಮತ್ತೆ ಬರಬಾರದೇ ಎಂದು ನೋಡುಗರಿಗೆ ಅನ್ನಿಸಲು ಶುರುವಾಗುತ್ತದೆ. ಸಾಮ್ರಾಜ್ಯದ ಬಿಳಿಯರೊಳಗಿನ ಜಾತಿ, ಅದರ ಕ್ರೌರ್ಯ, ಇಷ್ಟು ಸ್ಪಷ್ಟವಾಗಿ ಕಂಡ ಬೇರೆ ಧಾರಾವಾಹಿ ನನಗೆ ಗೊತ್ತಿಲ್ಲ. ಇದಕ್ಕೂ ಬಾಫ್ಟಾ ಬಂತು.

ಎರಡನೆಯದು ನಮ್ಮ ಕಡೆಗೆ ಬಂದು ತಲುಪುವ ಕತೆ. ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯನ್ನು ಸಿನಿಮಾ ಮಾಡಲು ಇ. ಎಂ. ಫಾರ್‌ಸ್ಟರ್ ಬದುಕಿರುವವರೆಗೂ ಒಪ್ಪಲಿಲ್ಲ. ನಾಟಕ ಮಾಡಲು ಮಾತ್ರ ಒಪ್ಪಿದ್ದು ಶಾಂತಾ ರಾಮರಾವ್ ಅವರಿಗೆ. ಶಾಂತಾ ಮಂಗಳೂರಿನ ಬೆನೆಗಲ್ ಮನೆತನದ ರಾಮರಾಯರ ಮಗಳು, ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬಿ. ಎನ್. ರಾಯರ ತಮ್ಮನ ಮಗಳು. ಆ ನಾಟಕ 1960ರಲ್ಲಿ ಇಂಗ್ಲೆಂಡಿನಲ್ಲಿ ರಂಗಕ್ಕೆ ಬಂತು, 1965ರಲ್ಲಿ ಬಿಬಿಸಿಗೂ ಬಂತು. ಮುಂದೆ ಸಿನಿಮಾದಲ್ಲಿ ಪೆಗ್ಗಿ ಮಾಡಿದ ಮಿಸೆಸ್ ಮೂರ್ ಪಾತ್ರವನ್ನು ಬಿಬಿಸಿಯಲ್ಲಿ ಮಾಡಿದ್ದು ಯಾರು ಗೊತ್ತೆ? 1930ರ ‘ಒಥೆಲೊ’ದಲ್ಲಿ ಡೆಸ್ಡಿಮೋನಳ ಸಖಿಯಾಗಿದ್ದ ಅದೇ ಸಿಬಿಲ್ ಥಾರ್ನ್‌ಡೈಕ್.

ಸಿನಿಮಾ ಹಕ್ಕು ಕೊನೆಗೆ ಡೇವಿಡ್ ಲೀನ್ ಕೈಗೆ ಬಂತು. ‘ರಯಾನ್ಸ್ ಡಾಟರ್’ ಸೋತ ಮೇಲೆ 14 ವರ್ಷ ಒಂದೂ ಚಿತ್ರ ಮಾಡದೆ ಕೂತಿದ್ದವರು. ಇಂಡಿಯಾದಲ್ಲಿ ಧಾರಾವಾಹಿಯ ಶೂಟಿಂಗ್ ಮುಗಿಸಿ ದಣಿದಿದ್ದ ಪೆಗ್ಗಿ, ನನಗೆ 75 ಆಯಿತು ಎಂದು ನುಣುಚಿಕೊಳ್ಳಲು ನೋಡಿದರಂತೆ. ನನಗೂ ಅಷ್ಟೇ ಎಂದರಂತೆ ಲೀನ್. ಇಬ್ಬರ ಹುಟ್ಟಿನ ನಡುವೆ ಮೂರೇ ತಿಂಗಳ ಅಂತರ.

ಫಾರ್‌ಸ್ಟರ್‌ನ ಮರಬಾರ್ ಗುಹೆಗಳ ಮೂಲ ಬಿಹಾರದ ಬರಾಬರ್ ಬೆಟ್ಟ. ಲೀನ್ ಕಣ್ಣಿಗೆ ಅದು ಸಾಲಲಿಲ್ಲ, ಪರದೆ ತುಂಬುವ ಬಂಡೆ ಬೇಕಿತ್ತು. ಅದು ಸಿಕ್ಕಿದ್ದು ಮಾಗಡಿ ಬಳಿಯ ಸಾವನದುರ್ಗದಲ್ಲಿ, ರಾಮನಗರದ ರಾಮದೇವರ ಬೆಟ್ಟದಲ್ಲಿ. ‘ಶೋಲೆ’ಯ ಗಬ್ಬರ್ ಸಿಂಗ್ ಬಿಟ್ಟುಹೋದ ಹತ್ತು ವರ್ಷದೊಳಗೆ ಅದೇ ಸೀಮೆಯ ಬಂಡೆಗಳಿಗೆ ಇಂಗ್ಲಿಷ್ ಮೇಮ್‌ಸಾಬರು ಬಂದರು. ಸಾವನದುರ್ಗದಲ್ಲಿ ಬೇಕಾದಂಥ ಗುಹೆಗಳಿರಲಿಲ್ಲ, ಬಂಡೆಯ ಮೈಗೆ ಬಾಗಿಲಿನಂಥ ಬಾಯಿ ಕೊರೆಸಿದರು. ಕತೆಯ ಊರು ಚಂದ್ರಾಪುರದ ಪೇಟೆಬೀದಿ ಎದ್ದು ನಿಂತದ್ದು ಬೆಂಗಳೂರಿನ ಅರಮನೆ ಮೈದಾನದಲ್ಲಿ. ಗುಹೆಗೆ ಹೋಗುವ ರೈಲು ನೀಲಗಿರಿಯದು.

ಶೂಟಿಂಗು ನೆಮ್ಮದಿಯದಾಗಿರಲಿಲ್ಲ. ಆಡೆಲಾ ಪಾತ್ರದ ಜೂಡಿ ಡೇವಿಸ್‌ಗೂ ಲೀನ್‌ಗೂ ಹತ್ತಲಿಲ್ಲ. ತಂಡವಾಗಿ ತಾಲೀಮು ಮಾಡಿ ಬೆಳೆದ ಪೆಗ್ಗಿಗೂ ನಟರನ್ನು ಚೌಕಟ್ಟಿನ ಒಂದು ಭಾಗವಾಗಿ ನೋಡುವ ಲೀನ್‌ಗೂ ಅಭಿಪ್ರಾಯ ಕೂಡುತ್ತಿರಲಿಲ್ಲ. ಆ ಎಳೆದಾಟ ಚಿತ್ರಕ್ಕೆ ಒಳ್ಳೆಯದೇ ಮಾಡಿತು ಅಂತ ನನ್ನ ಗುಮಾನಿ. ಲೀನ್ ಚೌಕಟ್ಟುಗಳು ಕೆಲವೆಡೆ ಕ್ಯಾಲೆಂಡರಿನಷ್ಟು ಚೆಂದ, ಅಷ್ಟೇ ನಿರ್ಜೀವ. ಪೆಗ್ಗಿ ಬಂದರೆ ಒಬ್ಬ ಮನುಷ್ಯಳು ಬಂದ ಹಾಗಾಗುತ್ತದೆ. ರಾತ್ರಿ ಮಸೀದಿಯ ದೃಶ್ಯ ನೋಡಿ. ಚಪ್ಪಲಿ ಬಿಟ್ಟು ಒಳಗೆ ಬಾ ಎಂದು ವಿಕ್ಟರ್ ಬ್ಯಾನರ್ಜಿಯ ಡಾಕ್ಟರ್ ಅಜೀಜ್ ಸಿಟ್ಟಿನಿಂದ ಹೇಳಿದರೆ, ಆಗಲೇ ಬಿಟ್ಟು ಬಂದಿದ್ದೇನೆ ಎನ್ನುತ್ತಾಳೆ ಮಿಸೆಸ್ ಮೂರ್. ಆ ಮಾತಿನಲ್ಲಿ ತಪ್ಪೊಪ್ಪಿಗೆಯಿಲ್ಲ, ಉದಾರತನದ ಪ್ರದರ್ಶನವೂ ಇಲ್ಲ. ನೆರೆಮನೆಯವರ ಜೊತೆ ಆಡುವ ಸಲೀಸು ದನಿ. ಗುಹೆಯ ಕತ್ತಲಲ್ಲಿ ಮಾತ್ರ ಆ ಮುಖವೇ ಬೇರೆ. ನೂಕುನುಗ್ಗಲು, ಒಂದು ಪ್ರತಿಧ್ವನಿ, ಉಸಿರು ಕಟ್ಟಿ ಹೊರಗೆ ಬಂದು ಕುರ್ಚಿಯಲ್ಲಿ ಕುಸಿಯುತ್ತಾಳೆ. ಬಿಸಿಲಿನ ಬೇಗೆ ಎಂದು ಸುತ್ತಲಿನವರು ಅಂದುಕೊಳ್ಳುತ್ತಾರೆ. ಜೀವಮಾನದ ನಂಬಿಕೆ ಒಳಗೆ ಮುರಿದು ಬಿದ್ದಿರುವುದು ನೋಡುಗರಿಗೆ ಮಾತ್ರ ಗೊತ್ತು. ಅಜೀಜ್‌ನ ಮೇಲೆ ಸುಳ್ಳು ಆರೋಪ ಬಂದಾಗ ಅವನು ನಿರಪರಾಧಿ ಎಂದು ಬಲ್ಲ ಈಕೆ ಸಾಕ್ಷಿ ಹೇಳಲು ನಿಲ್ಲುವುದಿಲ್ಲ, ಹಡಗು ಹತ್ತುತ್ತಾಳೆ, ಸಮುದ್ರದಲ್ಲಿ ಸಾಯುತ್ತಾಳೆ. ಒಳ್ಳೆಯವಳು ಮಾಡಬೇಕಾದ್ದನ್ನು ಮಾಡದೆ ಹೋಗುತ್ತಾಳೆ. ಪೆಗ್ಗಿ ಅವಳ ಪರವಾಗಿ ಕ್ಷಮೆ ಬೇಡುವುದಿಲ್ಲ, ಕರುಣೆ ಗಿಟ್ಟಿಸಲು ಹೋಗುವುದಿಲ್ಲ. ಅಲೆಕ್ ಗಿನ್ನೆಸ್ ಬಣ್ಣ ಬಳಿದುಕೊಂಡು ಭಾರತೀಯ ಪ್ರೊಫೆಸರ್ ಗೋಡಬೋಲೆ ಆದದ್ದು ಈಗ ನೋಡಿದರೆ ಮುಜುಗರ ತರುತ್ತದೆ. ಅದರ ಎದುರಿನಲ್ಲಿ ಪೆಗ್ಗಿಯ ಒಂದು ಚೌಕಟ್ಟೂ ಹಳತಾಗಿಲ್ಲ.

1985ರ ಮಾರ್ಚ್ 25. ಹನ್ನೊಂದು ನಾಮನಿರ್ದೇಶನ ಪಡೆದಿದ್ದ ಚಿತ್ರಕ್ಕೆ ಸಿಕ್ಕಿದ್ದು ಎರಡೇ ಆಸ್ಕರ್. ಸಂಗೀತಕ್ಕೆ ಮಾರೀಸ್ ಜಾರ್, ಪೋಷಕ ನಟಿಯಾಗಿ ಪೆಗ್ಗಿ ಆಶ್‌ಕ್ರಾಫ್ಟ್. ಆ ವಿಭಾಗದಲ್ಲಿ 77ರ ವಯಸ್ಸಿನವರು ಅದುವರೆಗೆ ಗೆದ್ದಿರಲಿಲ್ಲ. ಪೆಗ್ಗಿ ಅಲ್ಲಿರಲಿಲ್ಲ, ಆಂಜೆಲಾ ಲಾನ್ಸ್‌ಬರಿ ಪ್ರಶಸ್ತಿ ತೆಗೆದುಕೊಂಡರು. ಅಂದು ಲೀನ್ ಅವರ ಹುಟ್ಟುಹಬ್ಬವೂ ಹೌದು, ಅವರಿಗೆ ಏನೂ ಬರಲಿಲ್ಲ.

ಆಮೇಲೂ ಕೆಲಸ ನಿಲ್ಲಲಿಲ್ಲ. ಅಣುಬಾಂಬಿಗೆ ಸಿಕ್ಕ ವೃದ್ಧ ದಂಪತಿಯ ಅನಿಮೇಷನ್ ಚಿತ್ರ ‘ವೆನ್ ದಿ ವಿಂಡ್ ಬ್ಲೋಸ್’ಗೆ ದನಿ ಕೊಟ್ಟರು. ‘ಮದಾಮ್ ಸೂಸಾಟ್ಸ್‌ಕಾ’ದಲ್ಲಿ ಶಬಾನಾ ಆಜ್ಮಿ ಇದ್ದ ತಾರಾಗಣದಲ್ಲಿ ಲೇಡಿ ಎಮಿಲಿ ಆದರು. 1989ರಲ್ಲಿ ಪೊಲಿಯಾಕಾಫ್ ಬರೆದು ಪೀಟರ್ ಹಾಲ್ ನಿರ್ದೇಶಿಸಿದ ‘ಶೀಸ್ ಬೀನ್ ಅವೇ’ ಬಿಬಿಸಿ ಚಿತ್ರ. ಚಿಕ್ಕ ವಯಸ್ಸಿನಲ್ಲಿ ಮನೆಯವರೇ ಹುಚ್ಚಾಸ್ಪತ್ರೆಗೆ ತಳ್ಳಿ, ಅರವತ್ತು ವರ್ಷದ ನಂತರ ಹೊರಬಂದ ಹೆಂಗಸಿನ ಪಾತ್ರ. ಮಾತು ತೀರ ಕಡಿಮೆ. ಜೊತೆಗಿದ್ದವರು ‘ಜುವೆಲ್’ನ ಸಾರಾ ಲೇಟನ್ ಆಗಿದ್ದ ಜೆರಾಲ್ಡಿನ್ ಜೇಮ್ಸ್. ಆ ವರ್ಷ ವೆನಿಸ್ ಚಿತ್ರೋತ್ಸವದ ಶ್ರೇಷ್ಠ ನಟಿ ಪ್ರಶಸ್ತಿಯನ್ನು ಇಬ್ಬರಿಗೂ ಹಂಚಿ ಕೊಟ್ಟರು. ಪೆಗ್ಗಿಗೆ ಆಗ 81. ಎರಡು ವರ್ಷದ ಮೇಲೆ, 1991ರ ಜೂನ್ 14ರಂದು, ಪಾರ್ಶ್ವವಾಯು ಹೊಡೆದು ಲಂಡನ್ನಿನಲ್ಲಿ ತೀರಿಕೊಂಡರು. ಹುಟ್ಟೂರು ಕ್ರಾಯ್ಡನ್ ಅಷ್ಟು ದಿನ ಕಾದಿರಲಿಲ್ಲ, 1962ರಲ್ಲೇ ತನ್ನ ಹೊಸ ರಂಗಮಂದಿರಕ್ಕೆ ಅವರ ಹೆಸರಿಟ್ಟಿತ್ತು.